ಪ್ಲೇಟ್‌ಲೆಟ್ ಏರಿತು, ನಿತ್ರಾಣ ಇಳಿಯಲಿಲ್ಲ

2024ರ ಜುಲೈನಲ್ಲಿ ನನಗೆ ಡೆಂಗಿ ಬಂತು. ನಮ್ಮದು ತಿಪಟೂರು. ಹಿತ್ತಿಲಲ್ಲಿ ತೆಂಗಿನ ಚಿಪ್ಪುಗಳ ರಾಶಿ ಯಾವಾಗಲೂ ಇರುತ್ತಿತ್ತು. ಮಳೆನೀರು ನಿಂತ ಒಂದು ಚಿಪ್ಪು ಸಾಕು, ಈಡಿಸ್ ಸೊಳ್ಳೆ ಮೊಟ್ಟೆ ಇಡುವುದಕ್ಕೆ. ಆ ಮಳೆಗಾಲದಲ್ಲಿ ರಾಜ್ಯದ ತುಂಬ ಡೆಂಗಿ ಹಬ್ಬಿತ್ತು. ಸೆಪ್ಟೆಂಬರ್ ಹೊತ್ತಿಗೆ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು.

ಐದು ದಿನ ಆಸ್ಪತ್ರೆಯಲ್ಲಿದ್ದೆ. ಬಂದವರೆಲ್ಲ ಕೇಳುತ್ತಿದ್ದುದು ಒಂದೇ ಮಾತು: ‘ಕೌಂಟ್ ಎಷ್ಟಾಯ್ತು?’ 38 ಸಾವಿರಕ್ಕೆ ಇಳಿದಿದ್ದ ಪ್ಲೇಟ್‌ಲೆಟ್ ಒಂದೂವರೆ ಲಕ್ಷ ದಾಟಿದ ದಿನ ಮನೆಗೆ ಕಳಿಸಿದರು. ಕಾಯಿಲೆ ಮುಗಿಯಿತು ಅಂತ ಎಲ್ಲರೂ ಅಂದುಕೊಂಡರು, ನಾನೂ ಅಂದುಕೊಂಡೆ.

ಹತ್ತು ದಿನ ಬಿಟ್ಟು ಶಾಲೆಗೆ ಹೋದೆ. ಹಾಜರಿ ಕರೆಯುತ್ತ ಅರ್ಧಕ್ಕೇ ನಿಂತುಬಿಟ್ಟೆ. ಯಾರ ಹೆಸರು ಕೂಗಿದ್ದೆ, ಮುಂದೆ ಯಾರು ಎನ್ನುವುದೇ ತೋಚಲಿಲ್ಲ. ಬೋರ್ಡಿನ ಮೇಲೆ ಮೂರು ಸಾಲು ಬರೆಯುವಷ್ಟರಲ್ಲಿ ಎದೆ ಡವಡವ ಹೊಡೆದುಕೊಂಡು ಕುರ್ಚಿ ಹಿಡಿದುಕೊಂಡೆ. ಸಂಜೆ ಮನೆಗೆ ಬಂದು, ಉಟ್ಟ ಸೀರೆಯಲ್ಲೇ ಒರಗಿದರೆ ದೀಪ ಹಚ್ಚುವ ಹೊತ್ತು ದಾಟಿರುತ್ತಿತ್ತು. ಅಷ್ಟು ಮಲಗಿ ಎದ್ದರೂ ಮೈ ಹಗುರಾಗುತ್ತಿರಲಿಲ್ಲ. ‘ಕೌಂಟ್ ಸರಿಹೋಯ್ತಲ್ಲಮ್ಮ, ಇನ್ನೇನು ಸುಸ್ತು?’ ಎಂದರು ಅತ್ತೆ. ಅವರು ಕೊಂಕಿನಿಂದ ಕೇಳಿದ್ದಲ್ಲ, ನಿಜಕ್ಕೂ ಅರ್ಥವಾಗದೆ ಕೇಳಿದರು. ನನಗೂ ಉತ್ತರ ಗೊತ್ತಿರಲಿಲ್ಲ.

ಗೌರಿ ಹಬ್ಬ ಬಂತು. ಆ ವಾರ ಮೈ ಸ್ವಲ್ಪ ಚೇತರಿಸಿಕೊಂಡಂತಿತ್ತು. ಇಷ್ಟು ದಿನದ ಬಾಕಿಯನ್ನೆಲ್ಲ ಒಂದೇ ದಿನ ತೀರಿಸುವ ಹುಮ್ಮಸ್ಸು ನನಗೆ. ಬೇಳೆ ಬೇಯಿಸಿ, ಹೂರಣ ರುಬ್ಬಿ, ಕಣಕ ನಾದಿ ಅರವತ್ತು ಒಬ್ಬಟ್ಟು ತಟ್ಟಿದೆ. ಅಂದು ಏನೂ ಆಗಲಿಲ್ಲ. ಮಾರನೆಯ ದಿನ ಗಣಪತಿಗೆ ಕಡುಬನ್ನೂ ಮಾಡಿದೆ. ಮೂರನೆಯ ದಿನ ಬೆಳಗ್ಗೆ ಜಡೆ ಹಾಕಿಕೊಳ್ಳಲು ಕೈ ಎತ್ತಿದರೆ ಏಳಲೇ ಇಲ್ಲ. ಮಗಳು ಬಾಚಿದಳು. ಐದು ದಿನ ಹಾಸಿಗೆ ಬಿಟ್ಟು ಏಳಲಾಗಲಿಲ್ಲ.

ಡಾಕ್ಟರಿಗೆ ನಾನು ಹೇಳಿದ್ದರಲ್ಲಿ ಬಲು ಮುಖ್ಯವೆನಿಸಿದ್ದು ಈ ‘ಮೂರನೆಯ ದಿನ’ದ ಸಂಗತಿ. ವೈರಸ್ ಜ್ವರದ ನಂತರದ ಸುಸ್ತು ಎಷ್ಟೋ ಜನರಲ್ಲಿ ಕೆಲಸ ಮಾಡಿದ ದಿನ ಕಾಣಿಸುವುದಿಲ್ಲ. ಒಂದೆರಡು ದಿನ ತಡೆದು ಹೊಡೆಯುತ್ತದೆ. ಹಾಗಾಗಿ ಯಾವ ಕೆಲಸಕ್ಕೆ ಈ ದಂಡ ಎಂದು ರೋಗಿಗೇ ಹೊಳೆಯುವುದಿಲ್ಲ. ರಕ್ತಹೀನತೆ, ಥೈರಾಯ್ಡ್, ಬಿ12, ಸಕ್ಕರೆ ಎಲ್ಲ ನೋಡಿಸಿದರು. ಹಿಮೋಗ್ಲೋಬಿನ್ 9.5 ಇತ್ತು. ‘ಇದಕ್ಕೆ ಕಬ್ಬಿಣದ ಮಾತ್ರೆ ಇದೆ ಟೀಚರ್. ಉಳಿದ ಸುಸ್ತಿಗೆ ಮಾತ್ರೆ ಇಲ್ಲ, ಲೆಕ್ಕ ಇದೆ’ ಎಂದರು.

ಈ ಸುಸ್ತಿನ ಬಗ್ಗೆ ಹುಡುಕಿ ಓದತೊಡಗಿದೆ. ಆಸ್ಟ್ರೇಲಿಯಾದ ಡಬ್ಬೊ ಎಂಬ ಊರಿನ ಸುತ್ತ ಸೋಂಕು ತಗುಲಿದ 253 ಜನರನ್ನು ಹಿಂಬಾಲಿಸಿ ನೋಡಿದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಅವರಲ್ಲಿ ಸೊಳ್ಳೆಯಿಂದ ಹರಡುವ ರಾಸ್ ರಿವರ್ ವೈರಸ್ ತಗುಲಿದವರೂ ಇದ್ದರು. ಆರು ತಿಂಗಳಾದರೂ ನೂರಕ್ಕೆ ಸುಮಾರು 12 ಮಂದಿ ಗುಣವಾಗಿರಲಿಲ್ಲ. ಯಾರು ಹೀಗೆ ಉಳಿದರು ಎಂದರೆ, ಮೊದಲ ಕಾಯಿಲೆ ಯಾರಿಗೆ ಜೋರಾಗಿತ್ತೋ ಅವರು. ಮೊದಲಿನಿಂದ ಮನಸ್ಸು ದುರ್ಬಲವಿದ್ದವರಲ್ಲ. ಇದನ್ನು ಓದಿದ ದಿನ ನನಗೆ ಅಳು ಬಂತು. ನಾನು ಸೋಮಾರಿಯಾಗಿಲ್ಲ ಎನ್ನುವುದಕ್ಕೆ ಒಂದು ಸಾಕ್ಷಿ ಬೇಕಾಗಿತ್ತು.

ಡಾಕ್ಟರ್ ಹೇಳಿದ ಆ ಲೆಕ್ಕ ಇಷ್ಟೇ. ಎಷ್ಟು ಕೆಲಸ ಮಾಡಿದರೆ ಎರಡು ದಿನವಾದರೂ ಕೆಡುವುದಿಲ್ಲವೋ ಅದೇ ನಮ್ಮ ಅಳತೆ. ಚೆನ್ನಾಗಿದೆ ಅನ್ನಿಸಿದ ದಿನವೂ ಅದನ್ನು ಮೀರಬಾರದು. ಮಗಳ ಹಳೇ ನೋಟ್‌ಬುಕ್ಕಿನಲ್ಲಿ ದಿನಾ ಬರೆದಿಟ್ಟೆ. ಮೊದಲ ವಾರ ಗೇಟಿನ ತನಕ ನಡಿಗೆ, ಅಷ್ಟೇ. ತರಕಾರಿ ಹೆಚ್ಚುವುದು ಸ್ಟೂಲಿನ ಮೇಲೆ ಕೂತು, ಪಾಠ ಕುರ್ಚಿಯಲ್ಲಿ ಕೂತು. ಬೋರ್ಡಿನ ಕೆಲಸ ಮಕ್ಕಳದು. ಮಧ್ಯಾಹ್ನ ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ ಮಲಗುವುದು, ಆಗ ಮೊಬೈಲೂ ಇಲ್ಲ. ನಿಂತರೆ ತಲೆ ತಿರುಗುತ್ತಿದ್ದರಿಂದ ಉಪ್ಪು ಹಾಕಿದ ಮಜ್ಜಿಗೆ. ಬಿಪಿ ಇರುವವರು ಡಾಕ್ಟರನ್ನು ಕೇಳಿಯೇ ಕುಡಿಯಬೇಕು. ಎರಡು ವಾರ ಒಂದೇ ಸಮ ನಡೆದರೆ ಮಾತ್ರ ನಾಲ್ಕು ಹೆಜ್ಜೆ ಹೆಚ್ಚು. ‘ಎದ್ದು ಓಡಾಡಿದರೆ ಸುಸ್ತು ಬಿಡುತ್ತೆ’ ಎಂದು ಹೇಳಿದವರು ಬಹಳ. ಆದರೆ ದೀರ್ಘಕಾಲದ ಸುಸ್ತಿನ ಕಾಯಿಲೆಯವರಿಗೆ ದಿನೇ ದಿನೇ ವ್ಯಾಯಾಮ ಏರಿಸುತ್ತ ಹೋಗುವ ಚಿಕಿತ್ಸೆ ಬೇಡವೆಂದು ಬ್ರಿಟನ್ನಿನ ವೈದ್ಯಕೀಯ ಮಾರ್ಗಸೂಚಿಯೇ 2021ರಲ್ಲಿ ಬದಲಾಯಿತು.

ಒಂದು ಎಚ್ಚರಿಕೆ ಹೇಳಲೇಬೇಕು. ಮತ್ತೆ ಜ್ವರ, ಎದೆನೋವು, ಉಬ್ಬಸ, ಕಾರಣವಿಲ್ಲದೆ ತೂಕ ಇಳಿಯುವುದು ಇದ್ದರೆ ಅದನ್ನು ಜ್ವರದ ಸುಸ್ತೆಂದು ಬಿಡಬಾರದು, ತಕ್ಷಣ ತೋರಿಸಬೇಕು.

ಸಂಕ್ರಾಂತಿ ದಿನ ನಮ್ಮ ಬೀದಿಯ ಹನ್ನೊಂದು ಮನೆಗೆ ಎಳ್ಳು-ಬೆಲ್ಲ ಕೊಟ್ಟು ಬಂದೆ. ಮೂರನೆಯ ದಿನಕ್ಕೆ ಹೆದರುತ್ತ ಕಾದೆ, ಏನೂ ಆಗಲಿಲ್ಲ. ಆರು ತಿಂಗಳು ಹಿಡಿಯಿತು.

ಬಾಣಂತಿಯನ್ನು ತಿಂಗಳುಗಟ್ಟಲೆ ನೀರು ಸೇದಲು ಬಿಡದೆ ಕಾಪಾಡುವ ಜನ ನಾವು. ನಿಮ್ಮ ಮನೆಯಲ್ಲಿ ಡೆಂಗಿಯಿಂದಲೋ ಚಿಕೂನ್‌ಗುನ್ಯಾದಿಂದಲೋ ಎದ್ದವರಿದ್ದರೆ ಅವರಿಗೂ ಅಷ್ಟು ಕಾಲ ಕೊಡಿ. ಕೌಂಟ್ ಎಷ್ಟಾಯ್ತು ಎಂದು ಕೇಳಿದ ಮೇಲೆ, ಇವತ್ತು ಯಾವ ಕೆಲಸ ನಾನು ಮಾಡಲಿ ಎಂದೂ ಕೇಳಿ.