ದೀಪಸ್ತಂಭಗಳ ದರ್ಶನ: ಒಂದು ಹವ್ಯಾಸದ ಸ್ವರೂಪ ಮತ್ತು ಪ್ರಯೋಜನ

ಕನ್ನಡದಲ್ಲಿ ‘ದೀಪಸ್ತಂಭ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ದೇವಾಲಯದ ಅಂಗಳದಲ್ಲಿ ನಿಂತು ಉತ್ಸವದ ರಾತ್ರಿಗಳಲ್ಲಿ ಹಣತೆಗಳನ್ನು ಹೊರುವ ಕಲ್ಲುಕಂಬ ಒಂದು. ಕಡಲಂಚಿನಲ್ಲಿ ನಿಂತು ನಾವಿಕರಿಗೆ ದಾರಿ ತೋರುವ ಗೋಪುರ ಇನ್ನೊಂದು. ಮೊದಲನೆಯದು ನಮ್ಮ ಶಿಲ್ಪಶಾಸ್ತ್ರದ ಚರ್ಚೆಗಳಲ್ಲಿ ಸ್ಥಾನ ಪಡೆದಿದೆ. ಎರಡನೆಯದನ್ನು ನಾವು ಕಂಡೂ ಕಾಣದವರಂತೆ ಹಾದುಹೋಗುತ್ತೇವೆ. ಈ ಎರಡನೆಯ ಬಗೆಯ ಸ್ತಂಭಗಳನ್ನು ಹುಡುಕಿಕೊಂಡು ಹೋಗಿ, ನೋಡಿ, ಚಿತ್ರ ತೆಗೆದು, ವಿವರಗಳನ್ನು ಬರೆದಿಡುವ ಹವ್ಯಾಸವೊಂದು ಪ್ರಪಂಚದ ಅನೇಕ ದೇಶಗಳಲ್ಲಿ ಬೇರೂರಿದೆ. ಅದರ ಸ್ವರೂಪವೇನು, ಅದರಿಂದ ಚರಿತ್ರೆಯ ಅಭ್ಯಾಸಕ್ಕೆ ಏನು ಲಾಭ ಎಂಬುದನ್ನು ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ಹವ್ಯಾಸವನ್ನು ಬರಿಯ ವಿನೋದವೆಂದು ತಳ್ಳಿಹಾಕುವಂತಿಲ್ಲ. ಅಮೆರಿಕದಲ್ಲಿ ೧೯೮೪ರಲ್ಲಿ ದೀಪಸ್ತಂಭಾಸಕ್ತರ ರಾಷ್ಟ್ರೀಯ ಸಂಘವೊಂದು ಸ್ಥಾಪಿತವಾಯಿತು. ಅದರ ಸದಸ್ಯರು ಒಂದು ‘ಪಾಸ್‌ಪೋರ್ಟ್’ ಪುಸ್ತಕವನ್ನು ಜೊತೆಗೊಯ್ದು, ಸಂದರ್ಶಿಸಿದ ಒಂದೊಂದು ಸ್ತಂಭದಲ್ಲಿಯೂ ಅದರ ಮುದ್ರೆ ಹಾಕಿಸಿಕೊಳ್ಳುತ್ತಾರೆ. ಕರೊಲೈನಾ ತೀರದ ಹ್ಯಾಟರಾಸ್ ಭೂಶಿರದಲ್ಲಿ ೧೮೭೦ರಲ್ಲಿ ಕಟ್ಟಿದ ಮಹಾಗೋಪುರದ ಬುಡವನ್ನು ಕಡಲು ಕೊರೆಯತೊಡಗಿದಾಗ, ಅದನ್ನು ಕೆಡಹಲು ಬಿಡದೆ, ೧೯೯೯ರಲ್ಲಿ ಇಡಿಯ ಗೋಪುರವನ್ನೇ ೨೯೦೦ ಅಡಿ ಒಳನಾಡಿಗೆ ಸರಿಸಿದರು. ಮರುವರ್ಷವೇ, ಅಂದರೆ ೨೦೦೦ದಲ್ಲಿ, ಸರಕಾರಕ್ಕೆ ಬೇಡವಾದ ಐತಿಹಾಸಿಕ ದೀಪಸ್ತಂಭಗಳನ್ನು ಸ್ಥಳೀಯ ಸಂಸ್ಥೆಗಳಿಗೆ ಉಚಿತವಾಗಿ ವಹಿಸಿಕೊಡುವ ಕಾನೂನು ಅಲ್ಲಿ ಜಾರಿಗೆ ಬಂತು. ಜನರ ಅಕ್ಕರೆಯ ಬೆಂಬಲವಿಲ್ಲದೆ ಇಂಥ ಕೆಲಸಗಳು ಆಗುವುದಿಲ್ಲ.

ಕಡಲ ದೀಪದ ಚರಿತ್ರೆ ಪ್ರಾಚೀನವಾದುದು. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲಿ ಎದ್ದ ‘ಫಾರೋಸ್’ ಪ್ರಾಚೀನ ಪ್ರಪಂಚದ ಏಳು ಅದ್ಭುತಗಳಲ್ಲಿ ಒಂದೆನಿಸಿತ್ತು. ಹದಿನಾಲ್ಕನೆಯ ಶತಮಾನದ ಭೂಕಂಪಗಳಲ್ಲಿ ಅದು ಹಾಳಾಯಿತು. ಸ್ಪೇನಿನ ಕೊರುನ್ಯ ನಗರದಲ್ಲಿ ರೋಮನರು ಕಟ್ಟಿದ ‘ಹರ್ಕ್ಯುಲಿಸನ ಗೋಪುರ’ ಇಂದಿಗೂ ಬೆಳಗುತ್ತಿದೆ. ಇಂಗ್ಲೆಂಡಿನ ಎಡ್ಡಿಸ್ಟನ್ ಬಂಡೆಯ ಕಥೆ ಇನ್ನೂ ಬೋಧಪ್ರದವಾದುದು. ಅಲ್ಲಿ ೧೬೯೮ರಲ್ಲಿ ವಿನ್‌ಸ್ಟಾನ್ಲಿ ಎಂಬಾತನು ನಿಲ್ಲಿಸಿದ ಮೊದಲ ಸ್ತಂಭವು ೧೭೦೩ರ ಬಿರುಗಾಳಿಯಲ್ಲಿ ಕಟ್ಟಿದವನ ಸಮೇತ ಕೊಚ್ಚಿಹೋಯಿತು. ಎರಡನೆಯದು ೧೭೫೫ರಲ್ಲಿ ಬೆಂಕಿಗೆ ಆಹುತಿಯಾಯಿತು. ಸ್ಮೀಟನ್ ಎಂಬ ಸ್ಥಪತಿಯು ಕಲ್ಲಿಗೆ ಕಲ್ಲನ್ನು ಹೆಣೆದು, ನೀರಿನಲ್ಲಿಯೂ ಗಟ್ಟಿಯಾಗುವ ಸುಣ್ಣದ ಗಾರೆ ಬಳಸಿ, ೧೭೫೯ರಲ್ಲಿ ಮುಗಿಸಿದ ಮೂರನೆಯ ಸ್ತಂಭವು ನೂರಿಪ್ಪತ್ತು ವರ್ಷಗಳಿಗೂ ಮಿಗಿಲಾಗಿ ನಿಂತಿತು. ಕಡೆಗೆ ಸವೆದುದು ಸ್ತಂಭವಲ್ಲ, ಅದರಡಿಯ ಬಂಡೆ! ಆದುದರಿಂದ ೧೮೮೨ರಲ್ಲಿ ಪಕ್ಕದಲ್ಲಿ ಹೊಸದೊಂದನ್ನು ಕಟ್ಟಿ, ಸ್ಮೀಟನನ ಗೋಪುರದ ಮೇಲ್ಭಾಗವನ್ನು ಬಿಚ್ಚಿ ತಂದು ಪ್ಲಿಮತ್ ನಗರದಲ್ಲಿ ಮತ್ತೆ ಜೋಡಿಸಿದರು.

ಇನ್ನು ದೀಪದ ವಿಚಾರ. ಮೊದಲಿಗೆ ಸೌದೆ, ಇದ್ದಲು, ಆಮೇಲೆ ಎಣ್ಣೆ. ಕೇರಳದ ಆಲಪ್ಪುಳದಲ್ಲಿ ೧೮೬೨ರಲ್ಲಿ ಬೆಳಗಿದ ದೀಪಕ್ಕೆ ತೆಂಗಿನೆಣ್ಣೆಯೇ ಆಹಾರವಾಗಿತ್ತು. ಆದರೆ ದೀಪವೆಷ್ಟು ದೊಡ್ಡದಾದರೂ ಅದರ ಬೆಳಕು ಎಲ್ಲ ದಿಕ್ಕಿಗೂ ಚೆಲ್ಲಿಹೋಗುತ್ತದೆ. ಬಾನಿಗೂ ನೆಲಕ್ಕೂ ಹೋದ ಬೆಳಕು ನಾವಿಕನಿಗೆ ನಿರುಪಯುಕ್ತ. ಇದಕ್ಕೆ ಪರಿಹಾರ ಕಂಡುಹಿಡಿದವನು ಫ್ರಾನ್ಸಿನ ಭೌತವಿಜ್ಞಾನಿ ಫ್ರೆನೆಲ್. ಗಾಜಿನ ಅನೇಕ ಪಟ್ಟಕಗಳನ್ನು ಉಂಗುರಗಳಂತೆ ಒಂದರ ಸುತ್ತ ಒಂದು ಜೋಡಿಸಿ, ಚದರುವ ಕಿರಣಗಳನ್ನೆಲ್ಲ ಬಾಗಿಸಿ, ದಿಗಂತದ ಕಡೆಗೆ ಒಂದೇ ದಂಡದಂತೆ ಕಳುಹಿಸುವ ಮಸೂರವನ್ನು ಅವನು ರಚಿಸಿದನು. ಅದನ್ನು ೧೮೨೩ರಲ್ಲಿ ಫ್ರಾನ್ಸಿನ ಕೊರ್ದುವಾನ್ ಸ್ತಂಭದಲ್ಲಿ ಮೊದಲು ಅಳವಡಿಸಲಾಯಿತು. ಒಂದೇ ಗಾಜಿನ ಗಡ್ಡೆಯಿಂದ ಮಾಡಿದ್ದರೆ ಹೊರಲಾರದಷ್ಟು ಭಾರವಾಗುತ್ತಿದ್ದ ಮಸೂರ ಹೀಗೆ ಹಗುರವಾಯಿತು. ಗಡಿಯಾರದಂತೆ ತೂಕದ ಗುಂಡು ಇಳಿಯುತ್ತ ಅದನ್ನು ತಿರುಗಿಸುತ್ತಿತ್ತು. ದೊಡ್ಡ ಮಸೂರಗಳನ್ನು ಪಾದರಸದ ತೊಟ್ಟಿಯಲ್ಲಿ ತೇಲಿಸಿ ತಿರುಗಿಸುವ ಪದ್ಧತಿ ಆಮೇಲೆ ಬಂತು.

ಮಸೂರ ತಿರುಗುವುದರಿಂದ ದೀಪ ಮಿನುಗಿದಂತೆ ಕಾಣುತ್ತದೆ. ಇಂತಿಷ್ಟು ಸೆಕೆಂಡುಗಳಲ್ಲಿ ಇಂತಿಷ್ಟು ಮಿನುಗು ಎಂಬುದೇ ಆ ದೀಪದ ‘ಲಕ್ಷಣ’. ಅಕ್ಕಪಕ್ಕದ ಎರಡು ಸ್ತಂಭಗಳಿಗೆ ಒಂದೇ ಲಕ್ಷಣವಿರಕೂಡದು. ನಾವಿಕನು ಕೈಗಡಿಯಾರ ಹಿಡಿದು ಎಣಿಸಿ, ಪಟ್ಟಿಯಲ್ಲಿ ನೋಡಿ, ತಾನೆಲ್ಲಿರುವೆನೆಂದು ತಿಳಿಯುತ್ತಾನೆ. ಹಗಲಿನಲ್ಲಿ ಇದೇ ಕೆಲಸವನ್ನು ಗೋಪುರಕ್ಕೆ ಬಳಿದ ಬಣ್ಣದ ಪಟ್ಟೆಗಳು ಮಾಡುತ್ತವೆ. ಅವು ಅಲಂಕಾರವಲ್ಲ, ಗುರುತು.

ಗೋಪುರ ಎತ್ತರವಾಗಿರಬೇಕಾದುದು ಭೂಮಿ ಗುಂಡಾಗಿರುವ ಕಾರಣದಿಂದ. ದೀಪದ ಎತ್ತರ ಮತ್ತು ನೋಡುವವನ ಕಣ್ಣಿನ ಎತ್ತರಗಳನ್ನು ಮೀಟರುಗಳಲ್ಲಿ ಅಳೆದು, ಅವುಗಳ ವರ್ಗಮೂಲಗಳನ್ನು ಕೂಡಿಸಿ, ೨.೦೮ರಿಂದ ಗುಣಿಸಿದರೆ ದೀಪ ಕಾಣುವ ದೂರ ನಾವಿಕ ಮೈಲಿಗಳಲ್ಲಿ ದೊರೆಯುತ್ತದೆ. ದೀಪ ೩೬ ಮೀಟರು, ಕಣ್ಣು ೪ ಮೀಟರು ಎತ್ತರದಲ್ಲಿದ್ದರೆ, ಆರು ಮತ್ತು ಎರಡು ಕೂಡಿ ಎಂಟು. ದೂರ ಸುಮಾರು ೧೬.೬ ನಾವಿಕ ಮೈಲಿ, ಎಂದರೆ ಸುಮಾರು ೩೧ ಕಿಲೋಮೀಟರು. ಗೋಪುರದ ಎತ್ತರವನ್ನು ಇಮ್ಮಡಿ ಮಾಡಿದರೆ ದೂರ ಇಮ್ಮಡಿಯಾಗದೆಂಬುದನ್ನು ಇದರಿಂದ ಅರಿಯಬಹುದು. ಹಲವು ಸ್ತಂಭಗಳು ಗುಡ್ಡ, ದುರ್ಗಗಳ ನೆತ್ತಿಯಲ್ಲಿ ಗಿಡ್ಡಾಗಿ ನಿಂತಿರುವುದಕ್ಕೂ ಇದೇ ಲೆಕ್ಕ ಕಾರಣ: ಎತ್ತರವನ್ನು ನಿಸರ್ಗವೇ ಕೊಟ್ಟಿರುವಲ್ಲಿ ಕಲ್ಲಿನ ವೆಚ್ಚವೇಕೆ?

ವೆಚ್ಚದ ಮಾತು ಬಂದುದರಿಂದ, ಬ್ಯಾಂಕಿನ ಲೆಕ್ಕಪತ್ರಗಳ ನಡುವೆ ದಿನ ಕಳೆಯುವ ನನ್ನಂಥವನಿಗೆ ಸಹಜವಾದ ಒಂದು ಪ್ರಶ್ನೆಯನ್ನು ಇಲ್ಲಿ ಎತ್ತಬಹುದು. ದೀಪದ ಖರ್ಚನ್ನು ಕೊಡುವವರು ಯಾರು? ಕಡಲಲ್ಲಿ ಹೋಗುವ ಹಡಗನ್ನು ತಡೆದು ಬೆಳಕಿನ ಬೆಲೆ ಕೇಳಲಾಗದು. ಆದುದರಿಂದ ಇದು ಸರಕಾರವೇ ಮಾಡಬೇಕಾದ ಕೆಲಸವೆಂದು ಜಾನ್ ಸ್ಟೂಅರ್ಟ್ ಮಿಲ್ ೧೮೪೮ರಲ್ಲಿಯೇ ಬರೆದನು. ಸ್ಯಾಮ್ಯುಯೆಲ್‌ಸನ್ನನೂ ಇದೇ ಉದಾಹರಣೆಯನ್ನು ಬಳಸಿದನು. ಆದರೆ ಅರ್ಥಶಾಸ್ತ್ರಜ್ಞ ರೊನಾಲ್ಡ್ ಕೋಸ್ ೧೯೭೪ರಲ್ಲಿ ಬರೆದ ಪ್ರಬಂಧದಲ್ಲಿ ಇಂಗ್ಲೆಂಡಿನ ದಾಖಲೆಗಳನ್ನು ತೆರೆದು ನೋಡಿ, ಅಲ್ಲಿ ಬಹುಕಾಲ ಖಾಸಗಿಯವರೇ ದೀಪಸ್ತಂಭಗಳನ್ನು ಕಟ್ಟಿ, ಬಂದರಿನಲ್ಲಿ ಸುಂಕ ವಸೂಲುಮಾಡಿ ನಡೆಸುತ್ತಿದ್ದರೆಂದು ತೋರಿಸಿದನು. ಆ ಸುಂಕದ ಹಕ್ಕನ್ನು ಕೊಟ್ಟುದು ಪ್ರಭುತ್ವವೇ ಎಂದು ಅವನ ವಿಮರ್ಶಕರು ಉತ್ತರ ಹೇಳಿದರು. ವಾದ ಹೇಗೇ ಇರಲಿ, ಪಠ್ಯಪುಸ್ತಕದಲ್ಲಿ ನಿಂತ ದೀಪಸ್ತಂಭ ಬೇರೆ, ದಾಖಲೆಯಲ್ಲಿ ಕಾಣುವುದು ಬೇರೆ ಎಂಬ ಪಾಠ ನಮಗೆ ಮುಖ್ಯವಾದುದು. ನಮ್ಮಲ್ಲಿಯೂ ೧೯೨೭ರ ದೀಪಸ್ತಂಭ ಶಾಸನವು ಬಂದರುಗಳಿಗೆ ಬರುವ ಹಡಗುಗಳಿಂದ ದೀಪಸುಂಕವನ್ನು ವಸೂಲು ಮಾಡುವ ಕ್ರಮವನ್ನು ಏರ್ಪಡಿಸಿತು.

ಭಾರತದಲ್ಲಿ ಈ ಹವ್ಯಾಸವನ್ನು ಆರಂಭಿಸಲು ಮದರಾಸಿನಷ್ಟು, ಎಂದರೆ ಇಂದಿನ ಚೆನ್ನೈಯಷ್ಟು, ಅನುಕೂಲವಾದ ನಗರ ಇನ್ನೊಂದಿಲ್ಲ. ಅಲ್ಲಿ ನಾಲ್ಕು ತಲೆಮಾರುಗಳ ದೀಪಸ್ತಂಭಗಳನ್ನು ಒಂದೇ ದಿನದಲ್ಲಿ ನೋಡಬಹುದು. ಮೊದಲನೆಯ ದೀಪ ೧೭೯೬ರಲ್ಲಿ ಸೇಂಟ್ ಜಾರ್ಜ್ ಕೋಟೆಯೊಳಗಿನ ಕಟ್ಟಡದ ಮೇಲೆ ಬೆಳಗಿತು. ಆ ಕಟ್ಟಡವೇ ಈಗಿನ ಕೋಟೆಯ ವಸ್ತುಸಂಗ್ರಹಾಲಯ. ಎರಡನೆಯದು ೧೮೪೪ರಲ್ಲಿ ಬೆಳಗಿದ, ಗ್ರೀಕರ ಡೋರಿಕ್ ಶೈಲಿಯ ಕಂಬ; ಅದು ಉಚ್ಚ ನ್ಯಾಯಾಲಯದ ಆವರಣದಲ್ಲಿ ನಿಂತಿದೆ. ಮೂರನೆಯದು ೧೮೯೪ರಲ್ಲಿ ಆ ನ್ಯಾಯಾಲಯದ ಗುಮ್ಮಟವನ್ನೇ ಏರಿತು. ನಾಲ್ಕನೆಯದು ೧೯೭೭ರಲ್ಲಿ ಮರೀನಾ ದಂಡೆಯಲ್ಲಿ ಎದ್ದುದು. ಅಲ್ಲಿಂದ ದಕ್ಷಿಣಕ್ಕೆ ಮಹಾಬಲಿಪುರಕ್ಕೆ ಹೋದರೆ ಬಂಡೆಯ ನೆತ್ತಿಯ ಮೇಲಿನ ಪಲ್ಲವರ ಒಲಕ್ಕಣ್ಣೇಶ್ವರ ದೇಗುಲವನ್ನು ಕಾಣಬಹುದು. ಹತ್ತಿರದ ಈಗಿನ ಗೋಪುರ ಬಳಕೆಗೆ ಬರುವ ಮೊದಲು ಈ ದೇಗುಲದ ಮೇಲೆಯೇ ಕಡಲ ದೀಪವನ್ನಿಡುತ್ತಿದ್ದರು. ‘ದೀಪಸ್ತಂಭ’ದ ಎರಡು ಅರ್ಥಗಳೂ ಅಲ್ಲಿ ಹತ್ತಿರ ಬಂದುವೆನ್ನಬಹುದು.

ಪಶ್ಚಿಮ ತೀರದ ಮಾತು ನಮಗೆ ಇನ್ನೂ ಆತ್ಮೀಯವಾದುದು. ಕೊಂಕಣ ರೈಲುದಾರಿ ಪೂರ್ಣಗೊಂಡುದು ೧೯೯೮ರಲ್ಲಿ. ಅದಕ್ಕೆ ಬಹುಕಾಲ ಮೊದಲು ಮಂಗಳೂರು, ಕಾರವಾರಗಳ ಕಡೆಯಿಂದ ಮುಂಬಯಿಗೆ ಹೊರಟ ಎಷ್ಟೋ ಕುಟುಂಬಗಳು ಹಡಗು ಹತ್ತಿದುವು. ಅವರ ದಾರಿಯನ್ನು ದೀಪಗಳಿಂದಲೇ ಗುರುತಿಸಬಹುದು: ಬಂಡೆಯ ಮೇಲೆ ನಿಂತ ಕಾಪು ದೀಪಸ್ತಂಭ, ೧೯೦೧, ಕಾರವಾರದೆದುರಿನ ದೇವಗಡ ದ್ವೀಪದ ಆಯ್‌ಸ್ಟರ್ ರಾಕ್ ದೀಪ, ೧೮೬೪, ಅದೇ ವರ್ಷ ಪೋರ್ಚುಗೀಸರು ಗೋವೆಯ ಅಗ್ವಾದ ಕೋಟೆಯಲ್ಲಿ ಕಟ್ಟಿದ್ದು, ಕಾನ್ಹೋಜಿ ಆಂಗ್ರೆಯ ಹೆಸರನ್ನು ಇಂದು ಹೊತ್ತಿರುವ ಖಾಂದೇರಿ ದ್ವೀಪದ ದೀಪ, ೧೮೬೭, ಕಡೆಗೆ ಕೊಲಾಬಾದ ತುದಿಯಲ್ಲಿ ಥಾಮಸ್ ಆರ್ಮಿಸ್ಟನ್ ಕಟ್ಟಿದ ಪ್ರಾಂಗ್ಸ್ ದೀಪ, ೧೮೭೫. ಮುಂಬಯಿಯ ಕನ್ನಡಿಗರ ವಲಸೆಯ ಚರಿತ್ರೆಯನ್ನು ಬರೆಯುವವರು ಹೋಟೆಲು, ರಾತ್ರಿಶಾಲೆ, ಸಂಘಸಂಸ್ಥೆಗಳ ಜೊತೆಗೆ ಈ ಐದು ದೀಪಗಳನ್ನೂ ನೆನೆಯಬೇಕು. ಹುಟ್ಟೂರಿನ ಕೊನೆಯ ಗುರುತೂ ಹೊಸ ಊರಿನ ಮೊದಲ ಗುರುತೂ ಅನೇಕರಿಗೆ ಒಂದೊಂದು ಮಿನುಗೇ ಆಗಿದ್ದಿರಬೇಕು. ಮಂಗಳೂರಿನಲ್ಲಿ ಲೈಟ್‌ಹೌಸ್ ಹಿಲ್ ಎಂಬ ಹೆಸರು ಉಳಿದಿದೆ. ಅದೇ ಗುಡ್ಡಕ್ಕೆ ಬಾವುಟಗುಡ್ಡೆ ಎಂಬ ಹೆಸರೂ ಉಂಟು. ೧೮೩೭ರ ದಂಗೆಯವರು ಅಲ್ಲಿ ಬಾವುಟ ಏರಿಸಿದರೆಂದು ಜನ ಹೇಳುತ್ತಾರೆ. ಸುರತ್ಕಲ್ಲಿನ ಸ್ತಂಭ ೧೯೭೨ರದು.

ಚಿತ್ರ ತೆಗೆಯುವವರಿಗೆ ಕೆಲವು ಸೂಚನೆಗಳು. ಒಂದು: ಬುಡದಲ್ಲಿ ನಿಂತು ಕ್ಯಾಮರಾವನ್ನು ಮೇಲಕ್ಕೆತ್ತಿದರೆ ಗೋಪುರ ಹಿಂದಕ್ಕೆ ವಾಲಿದಂತೆ ಮೂಡುತ್ತದೆ. ದೂರ ಸರಿದು ಕ್ಯಾಮರಾವನ್ನು ಮಟ್ಟವಾಗಿ ಹಿಡಿಯುವುದು ಲೇಸು. ಅಳತೆಗೂ ಅಂಥ ಚಿತ್ರವೇ ಉಪಯುಕ್ತ. ಎರಡು: ಸೂರ್ಯಾಸ್ತದ ತರುವಾಯದ ಅರ್ಧ ಗಂಟೆಯಲ್ಲಿ ದೀಪವೂ ಗೋಪುರದ ಮೈಯೂ ಒಟ್ಟಿಗೆ ಕಾಣುತ್ತವೆ. ಕ್ಯಾಮರಾವನ್ನು ಮುಕ್ಕಾಲಿಯ ಮೇಲಿಟ್ಟು, ಒಂದು ಪೂರ್ಣ ಆವರ್ತದಷ್ಟು ಕಾಲ ತೆರೆದಿಟ್ಟರೆ ದೀಪದ ಲಕ್ಷಣದ ಮಿನುಗುಗಳೆಲ್ಲ ಚಿತ್ರದಲ್ಲಿ ಸೇರುತ್ತವೆ. ಮೂರು: ಹಗಲು ಮಸೂರದ ಕೋಣೆಯ ಪರದೆಗಳನ್ನು ಸರಿಸಲು ಕೇಳಬಾರದು. ಹೊರಗಿನ ಬಿಸಿಲನ್ನು ಮಸೂರ ಒಂದೇ ಬಿಂದುವಿಗೆ ಸೆಳೆದು ಸುಡಬಲ್ಲುದು. ಪರದೆ ಇರುವುದೇ ಅದಕ್ಕಾಗಿ. ನಾಲ್ಕು: ಕೆಲವು ಸ್ತಂಭಗಳು ನೌಕಾಪಡೆಯ ಅಥವಾ ಬಂದರಿನ ಆವರಣಗಳಲ್ಲಿವೆ. ಅಲ್ಲಿ ಅನುಮತಿ ಪಡೆದೇ ಹೋಗಬೇಕು. ಪ್ರಾಂಗ್ಸ್‌ನಂಥ ಕಡೆ ಭರತ ಇಳಿತಗಳ ವೇಳೆಯನ್ನು ಲೆಕ್ಕಿಸದೆ ಹೆಜ್ಜೆಯಿಡಕೂಡದು. ಐದು: ಗೋಪುರವನ್ನಷ್ಟೇ ಅಲ್ಲದೆ, ಮೆಟ್ಟಿಲು, ಬಾಗಿಲ ಮೇಲಿನ ವರ್ಷ, ಮಸೂರದ ಮೇಲೆ ಕೊರೆದ ತಯಾರಕರ ಹೆಸರು, ಕಾವಲುಗಾರರ ವಸತಿ ಇವೆಲ್ಲವನ್ನೂ ತೆಗೆದು, ದಿನಾಂಕ ಬರೆದಿಡಬೇಕು. ದಿನಾಂಕವಿಲ್ಲದ ಚಿತ್ರ ಸಹಿಯಿಲ್ಲದ ಚೆಕ್ಕಿನಂತೆ. ನೋಡಲು ಚೆನ್ನ, ನಡೆಯುವುದಿಲ್ಲ.

ಈ ಕೆಲಸಕ್ಕೆ ಅವಸರವೇಕೆಂದರೆ, ಹಳೆಯ ವ್ಯವಸ್ಥೆ ಕಣ್ಣೆದುರಿಗೇ ಮಾಯವಾಗುತ್ತಿದೆ. ಉಪಗ್ರಹಗಳ ನೆರವಿನಿಂದ ಹಡಗು ತನ್ನ ನೆಲೆಯನ್ನು ತಾನೇ ತಿಳಿಯಬಲ್ಲುದು. ಇಂಗ್ಲೆಂಡಿನಲ್ಲಿ ಕಾವಲುಗಾರರಿದ್ದ ಕಡೆಯ ಸ್ತಂಭ ೧೯೯೮ರಲ್ಲಿ ಸ್ವಯಂಚಾಲಿತವಾಯಿತು. ಆಳೆತ್ತರದ ಗಾಜಿನ ಮಸೂರದ ಕೆಲಸವನ್ನು ಎಲ್.ಇ.ಡಿ. ದೀಪದ ಪುಟ್ಟ ಪೆಟ್ಟಿಗೆ ಮಾಡುತ್ತದೆ. ಲೆಕ್ಕದ ಪುಸ್ತಕದಲ್ಲಿ ಹಳೆಯ ಮಸೂರದ ಬೆಲೆ ಸವಕಳಿ ಕಳೆದು ಶೂನ್ಯವಾಗಿರುತ್ತದೆ. ಆದುದರಿಂದ ಅದನ್ನು ಕಳಚಿ ಮೂಲೆಗೆ ಹಾಕುವುದಕ್ಕೆ ಯಾವ ಲೆಕ್ಕಪರಿಶೋಧಕನೂ ಅಡ್ಡಿ ಹೇಳಲಾರ. ಹಾಗೆ ಕಳಚಿದುದು ಮತ್ತೆ ತಯಾರಾಗುವುದಿಲ್ಲ.

ಸಂತೋಷದ ಸಂಗತಿಯೆಂದರೆ ನಮ್ಮ ಸರಕಾರದ ದೃಷ್ಟಿಯೂ ಇತ್ತ ಹರಿದಿದೆ. ೧೯೨೭ರ ಶಾಸನದ ಸ್ಥಾನದಲ್ಲಿ ಬಂದ ೨೦೨೧ರ ಶಾಸನವು ದೀಪಸ್ತಂಭಗಳನ್ನು ‘ಪಾರಂಪರಿಕ’ವೆಂದು ಘೋಷಿಸುವ ಅಧಿಕಾರವನ್ನು ಕೇಂದ್ರ ಸರಕಾರಕ್ಕೆ ಕೊಟ್ಟಿದೆ. ೨೦೨೩ರಲ್ಲಿ ಗೋವೆಯ ಅಗ್ವಾದದಲ್ಲಿ ಭಾರತದ ಮೊದಲ ದೀಪಸ್ತಂಭೋತ್ಸವ ನಡೆಯಿತು. ೨೦೨೪ರಲ್ಲಿ ಪ್ರವಾಸಿಗರ ಅನುಕೂಲಗಳೊಡನೆ ೭೫ ದೀಪಸ್ತಂಭಗಳನ್ನು ದೇಶಕ್ಕೆ ಸಮರ್ಪಿಸಲಾಯಿತು. ಆದರೆ ಪ್ರವಾಸಕ್ಕೆ ಸಿದ್ಧಗೊಳಿಸುವುದು ಬೇರೆ, ಪರಂಪರೆಯನ್ನು ಕಾಯುವುದು ಬೇರೆ. ಉದ್ಯಾನ, ಉಪಾಹಾರಗೃಹಗಳು ಮೊದಲನೆಯದಕ್ಕೆ ಸಾಕು. ಎರಡನೆಯದಕ್ಕೆ ಏನಿತ್ತು, ಏನಿದೆ ಎಂಬ ದಾಖಲೆ ಬೇಕು.

ಆ ದಾಖಲೆಯನ್ನು ಒದಗಿಸಲು ಹೊರನಾಡ ಕನ್ನಡಿಗರು ಅನುಕೂಲ ಸ್ಥಿತಿಯಲ್ಲಿದ್ದಾರೆ. ಮುಂಬಯಿ, ಚೆನ್ನೈಗಳಲ್ಲಿರುವವರಿಗೆ ಸ್ತಂಭಗಳು ಮನೆಯ ಹತ್ತಿರದಲ್ಲಿಯೇ ಇವೆ. ರಜೆಗೆ ಊರಿಗೆ ಹೋದಾಗ ಕಾಪು, ಕಾರವಾರಗಳೂ ಸಿಗುತ್ತವೆ. ಹಿರಿಯರ ಪೆಟ್ಟಿಗೆಗಳಲ್ಲಿ ಹಳೆಯ ಅಂಚೆಕಾರ್ಡಿನ ಚಿತ್ರಗಳೋ ಹಡಗಿನ ಚೀಟಿಗಳೋ ಇದ್ದರೆ ಅವನ್ನು ಪ್ರತಿ ಮಾಡಿಸಿ ಸಂಘದ ಗ್ರಂಥಾಲಯಕ್ಕೆ ಕೊಡಬಹುದು. ಕಡಲ ಪಯಣವನ್ನು ನೆನಪಿಟ್ಟುಕೊಂಡಿರುವವರ ಮಾತನ್ನು ಬರೆದಿಡಬಹುದು. ಅಂಥವರ ಸಂಖ್ಯೆ ವರ್ಷವರ್ಷಕ್ಕೆ ಕಡಮೆಯಾಗುತ್ತಿದೆ. ದೀಪ ಇನ್ನೂ ಉರಿಯುತ್ತಿರುವಾಗಲೇ ಅದರ ಚರಿತ್ರೆಯನ್ನು ಬರೆಯುವುದು ಸುಲಭ.