ಕೋಳಿಗೆ ಹಾಕುವ ಹಿಡಿ ಅನ್ನ

1880ರ ದಶಕದ ಕೊನೆ. ಜಾವಾ ದ್ವೀಪದ ಬಟೇವಿಯಾದಲ್ಲಿ, ಅಂದರೆ ಈಗಿನ ಜಕಾರ್ತಾದಲ್ಲಿ, ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್‌ಮನ್ ಪ್ರಯೋಗಕ್ಕೆಂದು ಸಾಕಿದ್ದ ಕೋಳಿಗಳು ಕಾಲಲ್ಲಿ ಬಲವಿಲ್ಲದೆ ತೂರಾಡತೊಡಗಿದವು. ಥೇಟ್ ಬೆರಿಬೆರಿ ರೋಗಿಗಳ ನಡಿಗೆ. ವಿಚಾರಿಸಿದಾಗ ಗೊತ್ತಾಯಿತು, ಅವು ತಿನ್ನುತ್ತಿದ್ದದ್ದು ಮಿಲಿಟರಿ ಆಸ್ಪತ್ರೆಯ ಅಡುಗೆಮನೆಯಲ್ಲಿ ಮಿಕ್ಕ ಬಿಳಿ ಅನ್ನ. ಹೊಸದಾಗಿ ಬಂದ ಅಡುಗೆಯವನು ಸೈನಿಕರ ಅನ್ನ ಕೋಳಿಗೇಕೆ ಎಂದು ಕೊಡಲು ಒಪ್ಪಲಿಲ್ಲ. ಪಾಲಿಶ್ ಮಾಡದ ಅಕ್ಕಿ ಹಾಕಿದರು, ಕೋಳಿಗಳು ಚೇತರಿಸಿಕೊಂಡವು.

ಬಿಳಿ ಅನ್ನದಲ್ಲಿ ಏನೋ ವಿಷವಿದೆ, ತೌಡಿನಲ್ಲಿ ಅದಕ್ಕೆ ಮದ್ದಿದೆ ಎಂದು ಐಕ್‌ಮನ್ ಬಗೆದರು. ಅವರ ಕೆಲಸ ಮುಂದುವರಿಸಿದ ಖೆರಿಟ್ ಗ್ರೈನ್ಸ್ 1901ರಲ್ಲಿ ಬೇರೆಯೇ ತೀರ್ಮಾನಕ್ಕೆ ಬಂದರು: ಆ ಅನ್ನದಲ್ಲಿ ಇರಬೇಕಾದದ್ದು ಇಲ್ಲ. ಆ ಕೊರತೆ ಥಯಮಿನ್‌ನದು, ಅಂದರೆ ಬಿ1 ಜೀವಸತ್ವದ್ದು. ಐಕ್‌ಮನ್‌ಗೆ 1929ರಲ್ಲಿ ನೊಬೆಲ್ ಬಂತು.

ಮನೆಯಲ್ಲಿ ಕೋಳಿ ಸಾಕಿದವರು ಇಂದಿಗೂ ಮೊದಲು ಕೇಳುವುದು ವಿಷದ ಬಗ್ಗೆಯೇ: ‘ಇದು ಹಾಕಬಹುದಾ, ಅದು ಹಾಕಬಹುದಾ?’ ನನಗೆ ಅದಕ್ಕಿಂತ ಮುಖ್ಯವೆನಿಸುವ ಪ್ರಶ್ನೆ, ಇದನ್ನು ತಿಂದ ಕೋಳಿ ಏನನ್ನು ತಿನ್ನದೆ ಬಿಡುತ್ತದೆ ಎಂಬುದು. ಮೊಟ್ಟೆ ಕೋಳಿಯೊಂದು ದಿನಕ್ಕೆ ತಿನ್ನುವುದು ಸುಮಾರು 110 ಗ್ರಾಂ. ಮೈಗೆ ಬೇಕಾದಷ್ಟು ಶಕ್ತಿ ಸಿಕ್ಕಿತೆಂದರೆ ಅದು ಹೆಚ್ಚುಕಮ್ಮಿ ಅಲ್ಲಿಗೇ ನಿಲ್ಲಿಸುತ್ತದೆ. ಮೊಟ್ಟೆ ಕೋಳಿಗೆಂದೇ ತಯಾರಿಸುವ ಲೇಯರ್ ಫೀಡ್‌ನಲ್ಲಿ ಶೇ. 16ರಿಂದ 18ರಷ್ಟು ಪ್ರೋಟೀನ್, ಶೇ. 3.5ರಿಂದ 4ರಷ್ಟು ಕ್ಯಾಲ್ಸಿಯಂ ಇರುತ್ತದೆ. ಮೆಕ್ಕೆಜೋಳದಲ್ಲಿ ಪ್ರೋಟೀನ್ ಅದರ ಅರ್ಧ. ಕ್ಯಾಲ್ಸಿಯಂ ಇಲ್ಲವೆಂದೇ ಹೇಳಬೇಕು. ಕೋಳಿಯೋ ದಪ್ಪ ಕಾಳು ಕಂಡರೆ ಮೊದಲು ಅದಕ್ಕೇ ಕುಕ್ಕುತ್ತದೆ. ಮೂರನೇ ಒಂದು ಪಾಲು ಹೊಟ್ಟೆ ಜೋಳದಲ್ಲೇ ತುಂಬಿದರೆ ಕ್ಯಾಲ್ಸಿಯಂ ಕೂಡ ಅಷ್ಟೇ ಪಾಲು ಖೋತಾ.

ಒಂದು ಮೊಟ್ಟೆಯ ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. ಮೇವಿನಿಂದ ಬರದಿದ್ದರೆ ಕೋಳಿ ತನ್ನ ಮೂಳೆಯನ್ನೇ ಕರಗಿಸಿ ಕೊಡುತ್ತದೆ. ಚಿಪ್ಪು ತೆಳ್ಳಗಾಗುವುದು ನಮ್ಮ ಕಣ್ಣಿಗೆ ಬೀಳುತ್ತದೆ, ಮೂಳೆ ಸವೆಯುವುದು ಬೀಳುವುದಿಲ್ಲ. ಕ್ಯಾಲ್ಸಿಯಂ ವಿಷಯದಲ್ಲಿ ಧಾನ್ಯಗಳಿಗೆಲ್ಲ ಹಿರಿಯ ಎನಿಸಿದ ನಮ್ಮ ರಾಗಿಯಲ್ಲೂ 100 ಗ್ರಾಂಗೆ ಸಿಗುವುದು ಸುಮಾರು 350 ಮಿಲಿಗ್ರಾಂ. ದಿನವಿಡೀ ರಾಗಿಯನ್ನೇ ತಿಂದರೂ ಒಂದು ಚಿಪ್ಪಿನ ಕಾಲು ಭಾಗಕ್ಕೂ ಸಾಲದು.

ಹಾಗಾದರೆ ಅಜ್ಜಿಯ ಕಾಲದ ಕೋಳಿಗಳು ಮುಸುರೆ ಅನ್ನ ತಿಂದು ಚೆನ್ನಾಗಿರಲಿಲ್ಲವೇ? ಇದ್ದವು. ಅವು ತಿಪ್ಪೆ ಕೆದಕಿ ಹುಳ, ಗೆದ್ದಲು, ಸೊಪ್ಪು, ಕಲ್ಲುಹರಳು ಹುಡುಕಿಕೊಳ್ಳುತ್ತಿದ್ದವು. ವರ್ಷಕ್ಕೆ ಇಡುತ್ತಿದ್ದದ್ದೂ ಅರವತ್ತೋ ಎಂಬತ್ತೋ ಮೊಟ್ಟೆ. ಮುನ್ನೂರು ಮೊಟ್ಟೆಯಿಡುವ ಹೈಬ್ರಿಡ್ ಕೋಳಿಯನ್ನು ತಾರಸಿಯ ಗೂಡಲ್ಲಿಟ್ಟು ಅದೇ ಊಟ ಹಾಕುವುದು ಅದಕ್ಕೆ ಮಾಡುವ ಅನ್ಯಾಯ.

ಆದ್ದರಿಂದ ಅಕ್ಕರೆಯ ತಿಂಡಿ ಏನಿದ್ದರೂ ದಿನದ ಮೇವಿನ ಹತ್ತನೇ ಒಂದು ಭಾಗದೊಳಗಿರಲಿ: ಒಂದು ಕೋಳಿಗೆ ಕಾಳಾದರೆ ಒಂದು ದೊಡ್ಡ ಚಮಚ. ಸಂಜೆ, ಫೀಡ್ ತಿಂದಾದ ಮೇಲೆ ಚೆಲ್ಲಿ; ಗೂಡು ಸೇರಿಸುವುದೂ ಸುಲಭವಾಗುತ್ತದೆ. ನುಗ್ಗೆಸೊಪ್ಪು, ಹೆಚ್ಚಿದ ಸೌತೆಕಾಯಿ, ಗೆದ್ದಲು ಬಲು ಒಳ್ಳೆಯವು. ಜೊತೆಗೆ ಕಪ್ಪೆಚಿಪ್ಪಿನ ದಪ್ಪ ಚೂರುಗಳನ್ನು ಬೇರೆ ಬಟ್ಟಲಲ್ಲಿಡಿ. ಮೊಟ್ಟೆಯ ಚಿಪ್ಪು ಬಹುಪಾಲು ಕಟ್ಟಿಕೊಳ್ಳುವುದು ರಾತ್ರಿ, ಕೋಳಿ ಏನೂ ತಿನ್ನದ ಹೊತ್ತಿನಲ್ಲಿ; ಹೊಟ್ಟೆಯಲ್ಲಿ ನಿಧಾನವಾಗಿ ಕರಗುವ ಚೂರು ಆಗ ಒದಗುತ್ತದೆ. ಮರಿಗಳಿಗೆ ಮಾತ್ರ ಇದಾಗಲಿ, ಲೇಯರ್ ಫೀಡ್ ಆಗಲಿ ಬೇಡ. ಅಷ್ಟು ಕ್ಯಾಲ್ಸಿಯಂ ಅವುಗಳ ಮೂತ್ರಪಿಂಡವನ್ನು ಕೆಡಿಸುತ್ತದೆ. ಕೇಕು, ಬಿಸ್ಕತ್ತು ಹಾಕುವುದು ನಮ್ಮ ಖುಷಿಗಷ್ಟೇ. ಸಿಹಿಯನ್ನು ಗುರುತಿಸುವ ಗ್ರಾಹಕದ ಜೀನ್ ಕೋಳಿಯಲ್ಲಿ ಇಲ್ಲವೇ ಇಲ್ಲ.

ನಿಜವಾದ ವಿಷಗಳೂ ಇವೆ. ಹಸಿ ಅಥವಾ ಅರೆಬೆಂದ ರಾಜ್ಮಾ, ಬೆಣ್ಣೆಹಣ್ಣಿನ ಸಿಪ್ಪೆ ಮತ್ತು ಬೀಜ, ಚಾಕೊಲೇಟ್, ಹಸಿರುಗಟ್ಟಿದ ಆಲೂಗಡ್ಡೆ, ಉಪ್ಪು ಹೆಚ್ಚಿದ ಕುರುಕಲು. ಆದರೆ ನಮ್ಮ ಮನೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಬೂಷ್ಟು ಹಿಡಿದ ಕಡಲೆಕಾಯಿ, ಜೋಳದ ಬಗ್ಗೆ. ನಾವು ತಿನ್ನಲಾಗದ್ದನ್ನು ಕೋಳಿಗೆ ಎಸೆಯುವ ರೂಢಿ ಎಲ್ಲೆಡೆ ಇದೆಯಲ್ಲ! 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತದ್ದು ಬೂಷ್ಟು ತಗುಲಿದ ಕಡಲೆಕಾಯಿ ಹಿಂಡಿಯಿಂದ. ಅದರಲ್ಲಿದ್ದ ಅಫ್ಲಾಟಾಕ್ಸಿನ್ ಎಂಬ ವಿಷ ಯಕೃತ್ತನ್ನು ಹಾಳುಮಾಡುತ್ತದೆ. ಹುರಿದರೂ ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ಅಂಥದ್ದನ್ನು ತಿಪ್ಪೆಗೂ ಹಾಕಬೇಡಿ, ಕೋಳಿ ಅಲ್ಲಿಗೂ ಹೋಗುತ್ತದೆ.