ಬೀಜ ಕಾಯುತ್ತಿದ್ದದ್ದು ಹೊಗೆಗಾಗಿ

ದಕ್ಷಿಣ ಆಫ್ರಿಕಾದ ಕೇಪ್ ಟೌನ್ ಸುತ್ತಲಿನ ಬೆಟ್ಟಗಳಲ್ಲಿ ಸೊಂಟದೆತ್ತರದ, ಸಣ್ಣೆಲೆಯ ಗಿಡಗಳ ಕುರುಚಲು ಕಾಡೊಂದಿದೆ. ಅಲ್ಲಿಯವರು ಅದನ್ನು ಫೈನ್‌ಬಾಸ್ ಎನ್ನುತ್ತಾರೆ. ಈ ಕೇಪ್ ಸೀಮೆಯಲ್ಲಿ ಸುಮಾರು 9,000 ಜಾತಿಯ ಹೂಗಿಡಗಳಿವೆ; ಅವುಗಳಲ್ಲಿ ಮೂರನೇ ಎರಡರಷ್ಟು ಭೂಮಿಯ ಮೇಲೆ ಬೇರೆಲ್ಲೂ ಇಲ್ಲ. ಹತ್ತರಿಂದ ಮೂವತ್ತು ವರ್ಷಕ್ಕೊಮ್ಮೆ ಈ ಕಾಡು ಬುಡಸಮೇತ ಉರಿಯುತ್ತದೆ. ಬೇಸಿಗೆ ಕಳೆದು ಚಳಿಗಾಲದ ಮಳೆ ಬಿದ್ದರೆ ಕಪ್ಪು ನೆಲದ ತುಂಬ ಮೊಳಕೆ. ಇದನ್ನು ಕೇಳಿದ ಕೂಡಲೇ ಯಾರಿಗಾದರೂ ನೆನಪಾಗುವುದು ಬೂದಿ. ಮಲೆನಾಡಿನ ಕುಮರಿ ಬೇಸಾಯ ನಡೆದದ್ದೇ ಸುಟ್ಟ ನೆಲದ ಸಾರ ನಂಬಿ. ಗೊಬ್ಬರ ಸಿಕ್ಕಿತು, ಬಿಸಿಲು ಬಿತ್ತು, ಗಿಡ ಎದ್ದಿತು ಎಂದರೆ ಲೆಕ್ಕ ಮುಗಿದಂತೆ ತೋರುತ್ತದೆ. ಆದರೆ ಮುಗಿಯುವುದಿಲ್ಲ. ಬೂದಿ ಬೆಳೆದ ಗಿಡಕ್ಕೆ ಆಹಾರವಾದೀತು. ಹತ್ತಿಪ್ಪತ್ತು ವರ್ಷ ಮಣ್ಣಿನಲ್ಲಿ ಮಲಗಿದ್ದ ಬೀಜ ಈ ವರ್ಷವೇ ಏಕೆ ಎದ್ದಿತು ಎಂಬುದಕ್ಕೆ ಅದು ಉತ್ತರವಲ್ಲ.

ಉತ್ತರದ ಮೊದಲ ಎಳೆ ಸಿಕ್ಕಿದ್ದು ಅಳಿವಿನಂಚಿನ ಗಿಡವೊಂದರಿಂದ. ಆಡೊಯಿನಿಯಾ ಕ್ಯಾಪಿಟಾಟಾ ಎಂಬ ಆ ಪೊದೆಯ ಬೀಜ ಸುಲಭಕ್ಕೆ ಮೊಳೆಯುತ್ತಿರಲಿಲ್ಲ. ಡಿ ಲಾಂಗೆ ಮತ್ತು ಬೌಚರ್ ಎಂಬ ಇಬ್ಬರು ವಿಜ್ಞಾನಿಗಳು ಅದಕ್ಕೆ ಬೆಂಕಿಯ ಬದಲು ಬರಿಯ ಹೊಗೆ ಕೊಟ್ಟು ನೋಡಿದರು. ಬೀಜಗಳು ಮೊಳೆತವು. 1990ರಲ್ಲಿ ಪ್ರಕಟವಾದ ಈ ಸಂಗತಿಯನ್ನು ಮುಂದೆ ಕರ್ಸ್ಟನ್‌ಬಾಷ್ ಸಸ್ಯೋದ್ಯಾನದವರು ಅಲ್ಲಿನ ಅನೇಕ ಗಿಡಗಳ ಮೇಲೆ ಪರೀಕ್ಷಿಸಿದರು. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಕಿಂಗ್ಸ್ಲಿ ಡಿಕ್ಸನ್ ಮತ್ತು ಸಂಗಡಿಗರು ಮೊಳೆಸಲು ಕಷ್ಟವೆನಿಸಿದ್ದ 94 ಸ್ಥಳೀಯ ಜಾತಿಗಳಿಗೆ ಹೊಗೆ ಹಾಕಿದಾಗ 45 ಜಾತಿಗಳು ಓಗೊಟ್ಟವು; ಅದು 1995ರ ವರದಿ. ಹೊಗೆಯನ್ನು ತಣ್ಣಗಾಗಿಸಿ ನೀರಿನಲ್ಲಿ ಹಾಯಿಸಿ, ಆ ನೀರಿನಲ್ಲಿ ಬೀಜ ನೆನೆಸಿದರೂ ಫಲ ಅದೇ. ಅಲ್ಲಿ ಕಾವೂ ಇಲ್ಲ, ಹೆಚ್ಚಿನ ಬೆಳಕೂ ಇಲ್ಲ, ಬೂದಿಯೂ ಇಲ್ಲ.

ಹಾಗಾದರೆ ಹೊಗೆಯಲ್ಲಿರುವುದೇನು? ಸಾವಿರಾರು ರಾಸಾಯನಿಕಗಳ ರಾಶಿಯಲ್ಲಿ ಒಂದನ್ನು ಹೆಕ್ಕಲು ವರ್ಷಗಳೇ ಹಿಡಿದವು. ಪರ್ತ್‌ನ ತಂಡ ಜಾಣತನದಿಂದ ಗಿಡ ಬಿಟ್ಟು ಸೋಸುಕಾಗದ ಸುಟ್ಟಿತು. ಕಾಗದವೆಂದರೆ ಬಹುಪಾಲು ಸೆಲ್ಯುಲೋಸ್, ಆದ್ದರಿಂದ ಹೊಗೆಯಲ್ಲಿ ಗೊಂದಲ ಕಡಿಮೆ. 2004ರಲ್ಲಿ ಸಿಕ್ಕಿದ ಆ ಸಂಯುಕ್ತಕ್ಕೆ, ಅದೇ ನೆಲದ ಮೂಲನಿವಾಸಿ ನೂಂಗಾರ್ ಜನ ಹೊಗೆಗೆ ಬಳಸುವ ‘ಕರಿಕ್’ ಎಂಬ ಮಾತಿನಿಂದ, ಕ್ಯಾರಿಕಿನ್ ಎಂಬ ಹೆಸರು ಬಂತು. ದಕ್ಷಿಣ ಆಫ್ರಿಕಾದ ಇನ್ನೊಂದು ತಂಡವೂ ಅದೇ ವರ್ಷ ಅದನ್ನೇ ಕಂಡುಕೊಂಡಿತ್ತು. ನೂರು ಕೋಟಿ ಪಾಲು ನೀರಿಗೆ ಒಂದು ಪಾಲಿಗಿಂತ ಕಡಿಮೆ ಇದ್ದರೂ ಅದು ಕೆಲವು ಬೀಜಗಳನ್ನು ಎಬ್ಬಿಸಬಲ್ಲದು. ಇಷ್ಟು ಅಲ್ಪ ಪ್ರಮಾಣದಿಂದ ಯಾವ ಗಿಡದ ಹೊಟ್ಟೆಯೂ ತುಂಬದು. ಆದ್ದರಿಂದ ಇದನ್ನು ಆಹಾರವೆನ್ನುವುದಕ್ಕಿಂತ ಸುದ್ದಿ ಎನ್ನುವುದೇ ಸರಿ: ಮೇಲೆ ನೆರಳು ಕವಿದಿದ್ದ ಹಿರಿಯ ಪೊದೆಗಳು ಹೋದವು, ಜಾಗ ತೆರವಾಗಿದೆ ಎಂಬ ಸುದ್ದಿ. ಅದನ್ನು ಮಣ್ಣಿನೊಳಕ್ಕೆ ಒಯ್ಯುವುದು ಮೊದಲ ಮಳೆ. ಸುದ್ದಿ ತಲುಪುವ ಹೊತ್ತಿಗೆ ನೀರೂ ಸಿದ್ಧ.

ಎಲ್ಲ ಬೀಜಗಳೂ ಒಂದೇ ಸುದ್ದಿ ಕೇಳುತ್ತವೆ ಎಂದುಕೊಳ್ಳಬಾರದು. ಹುರುಳಿ, ತೊಗರಿಯ ವಂಶಕ್ಕೆ ಸೇರಿದ ಅಲ್ಲಿನ ಗಿಡಗಳ ಗಟ್ಟಿ ಸಿಪ್ಪೆಯ ಬೀಜಕ್ಕೆ ಹೊಗೆಯ ಗೊಡವೆಯಿಲ್ಲ; ಕಾವಿಗೆ ಸಿಪ್ಪೆ ಬಿರಿದು ನೀರು ಒಳಹೊಕ್ಕರೆ ಸಾಕು. ಪ್ರೋಟಿಯಾ ಎಂಬ ಫೈನ್‌ಬಾಸ್ ಪೊದೆಗಳಲ್ಲಿ ಹಲವು ಬೀಜವನ್ನು ನೆಲಕ್ಕೇ ಬಿಡದೆ ಒಣಗಿದ ಹೂದಲೆಯೊಳಗೆ ವರ್ಷಗಟ್ಟಲೆ ಬಚ್ಚಿಟ್ಟು, ಗಿಡ ಸುಟ್ಟು ಸತ್ತ ಮೇಲೆ ಉದುರಿಸುತ್ತವೆ. ಆಸ್ಟ್ರೇಲಿಯಾದ ಕಾಂಗರೂ ಪಾದವೆಂಬ ಗಿಡ ಹೊಗೆಯಲ್ಲೇ ಇರುವ ಬೇರೊಂದು ಸಂಯುಕ್ತಕ್ಕೆ ಏಳುತ್ತದೆ. ಬೆಂಕಿ ಒಂದೇ, ಸಂದೇಶ ಹಲವು.

ಇಲ್ಲಿ ಒಂದು ಗಟ್ಟಿ ಆಕ್ಷೇಪವಿದೆ, ಅದನ್ನು ದಾಟಿ ಹೋಗುವಂತಿಲ್ಲ. ಕಾಡ್ಗಿಚ್ಚಿನ ನಂಟೇ ಇಲ್ಲದ ಲೆಟ್ಯೂಸ್ ಸೊಪ್ಪಿನ ಬೀಜವೂ ಹೊಗೆಗೆ ಮೊಳೆಯುತ್ತದಲ್ಲ? ಹಾಗಿದ್ದರೆ ಇದು ಬೆಂಕಿಗೆ ಹೊಂದಿಕೊಂಡ ಗುಣ ಎನ್ನುವುದು ಹೇಗೆ? ಕ್ಯಾರಿಕಿನ್ ಗುರುತಿಸುವ ಕೈ2 ಎಂಬ ಪ್ರೋಟೀನು ಬೆಂಕಿ ಸೀಮೆಯ ಗಿಡಗಳ ಸ್ವತ್ತಲ್ಲ, ಹಾವಸೆಯಿಂದ ಹಿಡಿದು ನೆಲದ ಮೇಲಿನ ಸಸ್ಯಗಳಲ್ಲೆಲ್ಲ ಇರುವ ಬಲು ಹಳೆಯ ಸಾಮಾನು ಎಂಬುದು ನಿಜ. ಆದರೆ ಹಳೆಯ ಸಾಮಾನನ್ನು ಹೊಸ ಕೆಲಸಕ್ಕೆ ಹಚ್ಚುವುದೇ ವಿಕಾಸದ ರೀತಿ. ನಮ್ಮ ಜೋಳದ ಹೊಲವನ್ನು ಕಾಡುವ ಸ್ಟ್ರೈಗಾ ಕಳೆಯನ್ನೇ ನೋಡಿ: ಅದರ ಕುಲದಲ್ಲಿ ಇದೇ ಪ್ರೋಟೀನಿನ ಹಲವು ನಕಲುಗಳು ಹುಟ್ಟಿ, ಹೊಗೆಯ ಬದಲು ಜೋಳದ ಬೇರು ಒಸರುವ ರಾಸಾಯನಿಕವನ್ನು ಪತ್ತೆಹಚ್ಚಲು ಪಳಗಿವೆ. ಇನ್ನೂ ನೇರವಾದ ಸಾಕ್ಷ್ಯ ನಾರ್ವೆಯ ಕರಾವಳಿಯದು. ಅಲ್ಲಿನ ಕುರಿಗಾಹಿಗಳು ಮೇವಿಗಾಗಿ ಸಾವಿರಾರು ವರ್ಷ ಹೀದರ್ ಪೊದೆಗಳನ್ನು ಸುಡುತ್ತ ಬಂದ ಕಡೆ ಬೀಜಗಳು ಹೊಗೆಗೆ ಬೇಗ ಮೊಳೆಯುತ್ತವೆ. ಸುಡುವ ರೂಢಿಯಿಲ್ಲದ ಕಡೆಯ ಅದೇ ಜಾತಿಯ ಬೀಜಕ್ಕೆ ಆ ಗುಣವಿಲ್ಲ. ಗಿಡ ಒಂದೇ, ಚರಿತ್ರೆ ಬೇರೆ.

ಇಷ್ಟು ಓದಿದವರು ಬೆಂಕಿ ಕಾಡಿಗೆ ಒಳ್ಳೆಯದೇ ಎಂದುಬಿಡುವ ಅಪಾಯವಿದೆ. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದದ್ದಕ್ಕೆ ಕೇಪ್‌ನ ಬೀಜಗಳನ್ನು ಸಾಕ್ಷಿಗೆ ಕರೆಯಲಾಗದು. ಅದು ಎಲೆ ಉದುರಿಸುವ ಮರಗಳ ಕಾಡು, ಅದರ ಲೆಕ್ಕವೇ ಬೇರೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ತರಗು ಬೆಂಕಿಯೂ ಬೇಸಿಗೆ ಬಲಿಯುವ ಮೊದಲೇ ನೆಲದ ಒಣ ಎಲೆಯನ್ನಷ್ಟೇ ಸುಡುತ್ತಿದ್ದ ಸಣ್ಣ ಬೆಂಕಿ. ಫೈನ್‌ಬಾಸ್‌ನಲ್ಲೂ ಬೆಂಕಿ ಬೇಕು ಎನ್ನುವ ಮಾತಿಗೆ ಎಷ್ಟು ವರ್ಷಕ್ಕೊಮ್ಮೆ ಎಂಬ ಷರತ್ತು ಅಂಟಿಕೊಂಡೇ ಇರುತ್ತದೆ. ಒಮ್ಮೆ ಸುಟ್ಟು ಎದ್ದ ಪ್ರೋಟಿಯಾ ಸಸಿ ಬೀಜ ಕಟ್ಟುವ ಮೊದಲೇ ಮತ್ತೆ ಬೆಂಕಿ ಬಿದ್ದರೆ ಎಬ್ಬಿಸಲು ಬೀಜವೇ ಉಳಿದಿರುವುದಿಲ್ಲ. ಅದಕ್ಕೇ ಅಲ್ಲಿನ ಅರಣ್ಯ ನಿರ್ವಾಹಕರ ಲೆಕ್ಕ ಹೀಗೆ: ಒಂದು ಬೆಟ್ಟದಲ್ಲಿ ಎಲ್ಲಕ್ಕಿಂತ ನಿಧಾನವಾಗಿ ಬಲಿಯುವ ಪ್ರೋಟಿಯಾದ ಅರ್ಧದಷ್ಟಾದರೂ ಗಿಡಗಳು ಮೂರು ಋತು ಹೂಬಿಡುವವರೆಗೆ ಅಲ್ಲಿ ಬೆಂಕಿ ಬೀಳಬಾರದು.